ಹಳದಿ ದೀಪ ಬಿದ್ದಾಗ ಕಾಲು ಎಲ್ಲಿಗೆ ಹೋಗುತ್ತದೆ?

ನಮ್ಮ ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಡೆಗೂ ಕ್ಲಚ್, ಬ್ರೇಕ್ ಇವೆ. ಕಲಿಯುವವರು ಬ್ರೇಕ್ ಒತ್ತಿದರೆ ನನ್ನ ಕಾಲ ಕೆಳಗಿನ ಪೆಡಲ್ ಕೂಡ ತಗ್ಗುತ್ತದೆ. ಸಿಗ್ನಲ್‌ನಲ್ಲಿ ಹಳದಿ ಬಿದ್ದಾಗ ಸ್ಟೀರಿಂಗ್ ಹಿಡಿದವರು ಹೆಂಗಸರಾದರೆ ಆ ಪೆಡಲ್ ತಾನಾಗಿ ಇಳಿಯುತ್ತದೆ. ಹುಡುಗರಾದರೆ ಎಂಜಿನ್ ಸದ್ದು ಏರುತ್ತದೆ, ಬ್ರೇಕ್ ನಾನೇ ಒತ್ತಬೇಕು. ಎಲ್ಲರೂ ಹೀಗೇ ಅಂತಲ್ಲ, ಆದರೆ ಜಾಸ್ತಿ ನೋಡಿರುವುದು ಇದನ್ನೇ.

ಇದು ಹುಟ್ಟುಗುಣ ಅಂತ ನನಗೆ ಅನಿಸುವುದಿಲ್ಲ. ಹುಡುಗರು ಹದಿನೈದಕ್ಕೇ ಅಪ್ಪನ ಬೈಕ್ ಹತ್ತಿರುತ್ತಾರೆ. ನಮ್ಮ ಹತ್ತಿರ ಬಂದಾಗ ಮೊದಲ ಮಾತೇ, "ಓಡಿಸೋಕೆ ಬರುತ್ತೆ ಸರ್, ಡಿಎಲ್ ಮಾಡಿಸಿಕೊಟ್ರೆ ಸಾಕು." ಅಷ್ಟರಲ್ಲಿ ರಾಂಗ್ ಸೈಡ್, ಮಿರರ್ ನೋಡದೆ ತಿರುಗಿಸುವುದು ಎಲ್ಲಾ ಕೈಗೆ ಅಂಟಿಬಿಟ್ಟಿರುತ್ತದೆ. ಹೊಸದು ಕಲಿಸುವುದು ಸುಲಭ, ಅಂಟಿದ್ದನ್ನು ಬಿಡಿಸುವುದು ಕಷ್ಟ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಆದರೂ ಮಗನಿಗೆ ಕೀ ಕೊಡುವ ಅಪ್ಪಂದಿರು ಕಡಿಮೆಯಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರಸ್ತೆ ಅಪಘಾತದಲ್ಲಿ ಗಂಡಸರು ಸಾಯುವ ಸಂಭವ ಹೆಂಗಸರಿಗಿಂತ ಸುಮಾರು 3 ಪಟ್ಟು. ರಸ್ತೆಯಲ್ಲಿ ಇರುವವರೇ ಅವರು ಹೆಚ್ಚು, ಅದನ್ನೂ ಲೆಕ್ಕಕ್ಕೆ ತಗೋಬೇಕು. ಆದರೆ ಪೂರ್ತಿ ಕಾರಣ ಅದೊಂದೇ ಅಲ್ಲ. ವೇಗ, ಕುಡಿತ, ಹೆಲ್ಮೆಟ್ ಇಲ್ಲದ ಸವಾರಿ ಕೂಡ ಅದರಲ್ಲಿ ಸೇರಿವೆ.

ಹೆಂಗಸರಲ್ಲಿ ನಾನು ಕಾಣುವ ತೊಂದರೆಯೇ ಬೇರೆ. ನಿಯಮ ಗೊತ್ತು, ಅಭ್ಯಾಸ ಇಲ್ಲ. ಹಿಂದಿನಿಂದ ಒಂದು ಹಾರ್ನ್ ಬಿದ್ದರೆ ಕಾಲು ನಡುಗುತ್ತದೆ, ಗಾಡಿ ಆಫ್ ಆಗುತ್ತದೆ. ನಡುರಸ್ತೆಯಲ್ಲಿ ಗಕ್ಕನೆ ಬ್ರೇಕ್ ಹಾಕುವುದೂ ಅಪಾಯವೇ, ಅದನ್ನು ಮುಚ್ಚಿಡುವುದಿಲ್ಲ. ಇದನ್ನೇ ಜನ "ಲೇಡೀಸ್ ಡ್ರೈವಿಂಗ್" ಅಂತ ಆಡಿಕೊಳ್ಳುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಒಬ್ಬ ಅಕ್ಕ ಮೊದಲ ಟೆಸ್ಟ್‌ನಲ್ಲೇ ಪಾಸಾಗಿದ್ದರು. ಹಾಫ್ ಕ್ಲಚ್‌ನಲ್ಲಿ ಏರು ಹತ್ತಿಸುವುದು ಅವರಷ್ಟು ಚೆನ್ನಾಗಿ ಆ ಬ್ಯಾಚ್‌ನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಎರಡು ವರ್ಷದ ಮೇಲೆ ಮತ್ತೆ ಬಂದರು. ಡಿಎಲ್ ಕಾರ್ಡ್ ಹೊಸದರ ಹಾಗೇ ಹೊಳೆಯುತ್ತಿತ್ತು. "ಸರ್, ಫಸ್ಟ್ ಗೇರ್ ಎಡಕ್ಕಾ, ಬಲಕ್ಕಾ?" ಅಂತ ಕೇಳಿದರು. ಕಾರು ಮನೆಯಲ್ಲೇ ಇತ್ತು, ಕೀ ಮಾತ್ರ ಯಜಮಾನರ ಜೇಬಿನಲ್ಲಿ.

ಈಗ ಡಿಎಲ್ ಕೈಗೆ ಬಂದ ದಿನವೇ ಮನೆಯವರನ್ನೂ ಕರೆಸಿ ಮಾತಾಡುತ್ತೇನೆ. ಮೂರು ತಿಂಗಳು ಬೆಳಿಗ್ಗೆ ಆರೂವರೆಗೆ ಹಾಲು, ತರಕಾರಿ ತರಲು ಇವರೇ ಕಾರು ತೆಗೆಯಲಿ, ದಿನಕ್ಕೆ ಅರ್ಧ ಗಂಟೆ ಸಾಕು ಅನ್ನುತ್ತೇನೆ. ಜೊತೆಗೆ ಬರುವವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಸುಮ್ನೆ ಕೂತಿರಬೇಕು.