ಹವ್ಯಾಸದ ಚಿತ್ರಕ್ಕೆ ಬೆಲೆ ಕಟ್ಟುವಾಗ

ಮನೆಯಲ್ಲಿ ಜಲವರ್ಣ ಚಿತ್ರ ಬರೆಯುವವರು ಅದನ್ನು ಮಾರಲು ಹೊರಟಾಗ ಮೊದಲು ಎದುರಾಗುವ ಪ್ರಶ್ನೆ, ಎಷ್ಟು ಹೇಳಬೇಕು ಎನ್ನುವುದು. ಹೆಚ್ಚಿನವರು ಕಾಗದ, ಬಣ್ಣದ ಖರ್ಚಿಗೆ ಇನ್ನೂರೋ ಮುನ್ನೂರೋ ಸೇರಿಸಿ ಬಾಯಿಗೆ ಬಂದ ಬೆಲೆ ಹೇಳಿಬಿಡುತ್ತಾರೆ. ಹತ್ತಾರು ಚಿತ್ರ ಮಾರಿದ ಮೇಲೂ ಕೈಯಲ್ಲಿ ಕಾಸು ನಿಲ್ಲುವುದಿಲ್ಲ. ಮೊದಲ ಚಿತ್ರ ಮಾರುವ ಮುನ್ನವೇ ಲೆಕ್ಕವನ್ನು ಬರೆದಿಟ್ಟುಕೊಳ್ಳಬೇಕು.

ಎ4 ಅಳತೆಯ ಒಂದು ಚಿತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ ಮತ್ತು ಬಣ್ಣಕ್ಕೆ 150 ರೂಪಾಯಿ, ಪ್ಯಾಕಿಂಗ್‌ಗೆ 60. ಬರೆಯಲು ಆರು ಗಂಟೆ. ಸ್ಕ್ಯಾನ್ ಮಾಡಿ, ಇನ್‌ಸ್ಟಾಗ್ರಾಂಗೆ ಹಾಕಿ, ಗಿರಾಕಿಗಳಿಗೆ ಉತ್ತರ ಕೊಟ್ಟು, ಪ್ಯಾಕ್ ಮಾಡಲು ಇನ್ನೂ ಒಂದೂವರೆ ಗಂಟೆ. ಲೆಕ್ಕದಿಂದ ಸದಾ ತಪ್ಪಿಹೋಗುವುದು ಈ ಒಂದೂವರೆ ಗಂಟೆಯೇ. ಗಂಟೆಗೆ 150 ರೂಪಾಯಿ ಕೂಲಿ ಹಿಡಿದರೆ 1,125. ಎಲ್ಲ ಸೇರಿ 1,335. ಕೆಟ್ಟ ಹಾಳೆ, ದಾರಿಯಲ್ಲಿ ಮಡಚಿಹೋದ ಪಾರ್ಸೆಲ್‌ಗಾಗಿ ಶೇ 10 ಸೇರಿಸಿದರೆ ಸುಮಾರು 1,470. ಇಷ್ಟು ಅಸಲು, ಲಾಭ ಇನ್ನೂ ಸೇರಿಲ್ಲ.

ಈಗ ಅಂಗಡಿಯೊಂದು ಶೇ 35 ಕಮಿಷನ್ ಕೇಳುತ್ತದೆ ಎಂದುಕೊಳ್ಳಿ. 1,470ಕ್ಕೆ ಶೇ 35 ಕೂಡಿಸಿ 1,985 ಎಂದು ಬೆಲೆ ಹಾಕಿದರೆ ಏಟು ಬೀಳುತ್ತದೆ. ಕಮಿಷನ್ ಕಡಿಯುವುದು ಮಾರಾಟ ಬೆಲೆಯ ಮೇಲೆ. 1,985ರಲ್ಲಿ ಶೇ 35 ಹೋದರೆ ಉಳಿಯುವುದು 1,290; ಪ್ರತಿ ಚಿತ್ರಕ್ಕೂ 180 ರೂಪಾಯಿ ಕೈಯಿಂದ ಹಾಕಿದಂತೆ. 1,470ನ್ನು 0.65ರಿಂದ ಭಾಗಿಸಬೇಕು. ಆಗ 2,260 ಬರುತ್ತದೆ, 2,300 ಎನ್ನಿ. ನೇರವಾಗಿ ಕೊಳ್ಳುವವರಿಗೂ ಅದೇ ಬೆಲೆ ಇರಲಿ. ಮನೆಯಲ್ಲಿ ಅಗ್ಗಕ್ಕೆ ಕೊಡುತ್ತೀರೆಂದು ಗೊತ್ತಾದ ದಿನವೇ ಅಂಗಡಿಯವರು ನಿಮ್ಮ ಚಿತ್ರಗಳನ್ನು ವಾಪಸ್ ಕಳಿಸುತ್ತಾರೆ.

2,300 ರೂಪಾಯಿ ಕೊಡುವವರು ಕಡಿಮೆ. ವಹಿವಾಟು ಉಸಿರಾಡುವುದು ಮೂಲ ಚಿತ್ರದ ಮುದ್ರಿತ ಪ್ರತಿಗಳಾದ ಪ್ರಿಂಟ್‌ಗಳಿಂದ. 2003ರಿಂದ ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆಯಂಥ ಕಡೆ, ಸುಮ್ಮನೆ ನೋಡಿಕೊಂಡು ಹೋಗಲು ಬಂದವರೂ ಒಂದು ಸಣ್ಣ ಪ್ರಿಂಟ್ ಕೈಯಲ್ಲಿ ಹಿಡಿದು ಹೋಗಬಹುದು. ಮೂಲ ಚಿತ್ರ ಮಾರಿಹೋಗುವ ಮೊದಲೇ ಅದನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಡಿ. ಎ4 ಚಿತ್ರವಾದರೆ ಆ ಫೈಲಿನಿಂದ ಎ2 ಅಳತೆಯವರೆಗೆ 300 ಡಿಪಿಐನಲ್ಲಿ ಮುದ್ರಿಸಬಹುದು. ಮೊಬೈಲ್ ಫೋಟೊದಲ್ಲಿ ಅಂಚುಗಳು ಬಾಗುತ್ತವೆ, ಬಿಳಿ ಕಾಗದ ನೀಲಿಗೋ ಹಳದಿಗೋ ತಿರುಗುತ್ತದೆ. ಢಾಳಾದ ಗುಲಾಬಿ ಬಣ್ಣ ಮುದ್ರಣದಲ್ಲಿ ಮಂಕಾಗಿಯೇ ಬರುತ್ತದೆ, ಹಾಗಾಗಿ ಮೊದಲು ಒಂದೇ ಪ್ರತಿ ತೆಗೆಸಿ ಹಗಲು ಬೆಳಕಿನಲ್ಲಿ ಮೂಲದ ಪಕ್ಕ ಇಟ್ಟು ನೋಡಿ. ಪಿಗ್ಮೆಂಟ್ ಶಾಯಿಯಲ್ಲೇ (ಬಣ್ಣದ ಸಣ್ಣ ಕಣಗಳಿರುವ ಶಾಯಿ) ಮುದ್ರಿಸಿಕೊಡಲು ಕೇಳಿ. ಡೈ ಶಾಯಿಯ (ಬಣ್ಣ ಕರಗಿರುವ ಶಾಯಿ) ಪ್ರಿಂಟು ಬಿಸಿಲು ಬೀಳುವ ಗೋಡೆಯ ಮೇಲೆ ಬೇಗ ಬಣ್ಣ ಬಿಡುತ್ತದೆ. ಒಂದು ಚಿತ್ರಕ್ಕೆ ಒಂದು ಸಲಕ್ಕೆ ಹತ್ತು ಪ್ರತಿ ಸಾಕು. ನೂರು ಹಾಕಿಸಿದರೆ ಅಗ್ಗವೇ, ಆದರೆ ಮಾರದ ತೊಂಬತ್ತು ಮಂಚದ ಕೆಳಗೆ ಸೇರುತ್ತವೆ. ಮೂಲೆಯಲ್ಲಿ 3/25 (ಒಟ್ಟು 25 ಪ್ರತಿಗಳಲ್ಲಿ ಮೂರನೆಯದು) ಎಂದು ಬರೆದು ಸಹಿ ಹಾಕಿದ ಮೇಲೆ ಇಪ್ಪತ್ತಾರನೆಯದನ್ನು ಮುದ್ರಿಸಬೇಡಿ, ಎಷ್ಟೇ ಬೇಡಿಕೆ ಬಂದರೂ.

ಆರ್ಡರ್ ಕೊಟ್ಟು ಬರೆಸುವ ಚಿತ್ರಗಳ ವಿಷಯ ಬೇರೆ, ಮತ್ತು ಇದು ತುಂಬ ಜನಕ್ಕೆ ಗೊತ್ತಿಲ್ಲ. ನೀವಾಗಿಯೇ ಬರೆದ ಚಿತ್ರವನ್ನು ಮಾರಿದರೆ ಗಿರಾಕಿಗೆ ಹೋಗುವುದು ಆ ಹಾಳೆ ಮಾತ್ರ. ಅದರ ಪ್ರಿಂಟ್ ಹಾಕುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಆದರೆ ಯಾರೋ ಹೇಳಿ, ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹಾಗೆ ಹೇಳುತ್ತದೆ. ನಾಳೆ ಅದೇ ಚಿತ್ರವನ್ನು ನೀವು ಪೋಸ್ಟ್‌ಕಾರ್ಡ್ ಮಾಡಿ ಮಾರಿದರೆ ಅವರು ತಡೆಯಬಹುದು. ಅಡ್ವಾನ್ಸ್ ಪಡೆಯುವಾಗಲೇ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಮಾಡಿ: ಕೃತಿಸ್ವಾಮ್ಯ ಕಲಾವಿದರದು, ಅರ್ಧ ಹಣ ಮುಂಗಡ, ಪೆನ್ಸಿಲ್ ಕರಡಿನ ಹಂತದಲ್ಲಿ ಎರಡು ಸಲ ತಿದ್ದುಪಡಿ, ಬಣ್ಣ ಹಚ್ಚಿದ ಮೇಲೆ ಬದಲಾವಣೆಗೆ ಬೇರೆ ಹಣ.

ಕಳಿಸುವಾಗ ಪ್ರಿಂಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ರಟ್ಟುಗಳ ನಡುವೆ ಇಡಿ. ಒಂದು ರಟ್ಟಿನೊಳಗಿನ ಸುಕ್ಕುಗಳ ಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರಬೇಕು. ಎರಡರ ಗೆರೆಯೂ ಒಂದೇ ದಿಕ್ಕಿನಲ್ಲಿದ್ದರೆ ಪಾರ್ಸೆಲ್ ಆ ಗೆರೆಗುಂಟ ಮಡಚಿಕೊಳ್ಳುತ್ತದೆ. ರಟ್ಟು ಚಿತ್ರಕ್ಕಿಂತ ಎಲ್ಲ ಕಡೆ ಎರಡು ಸೆಂಟಿಮೀಟರ್ ದೊಡ್ಡದಿರಲಿ, ಮೂಲೆಗೆ ಬೀಳುವ ಪೆಟ್ಟು ರಟ್ಟಿಗೇ ತಾಗುತ್ತದೆ.

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂದು ದಾಖಲಿಸಿಕೊಳ್ಳುವುದು) ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವ ಜಾಲತಾಣಗಳಿಂದ ದೂರವಿರಿ. ಕರ್ನಾಟಕದೊಳಗೆ ನೇರವಾಗಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಮಾರುವಾಗ ಈ ಮಿತಿ ಅನ್ವಯಿಸುವುದಿಲ್ಲ, ಕೆಲವು ಕರಕುಶಲ ವಸ್ತುಗಳಿಗಷ್ಟೇ ವಿನಾಯಿತಿ ಇದೆ. ಪುಣೆಯಿಂದಲೋ ಚೆನ್ನೈನಿಂದಲೋ ಮೊದಲ ಆರ್ಡರ್ ಬಂದಾಗ, ನೀವು ಮಾರುವ ಪ್ರಿಂಟ್ ಆ ಪಟ್ಟಿಯಲ್ಲಿದೆಯೇ ಎಂದು ಲೆಕ್ಕಪರಿಶೋಧಕರನ್ನು ಕೇಳಿಯೇ ಬಿಲ್ ಹಾಕಿ.