ಗುಮ್ಮಟದ ಹಿಂದೆ ಚಂದ್ರ, ಗುಡ್ಡದ ಮೇಲೆ ಭಂಡಾರ

ಗೋಳಗುಮ್ಮಟದ ಬೆನ್ನಿಗೆ ದೊಡ್ಡ ಚಂದ್ರ ಕೂತಿರುವ ಫೋಟೊ ಕಂಡ ಕೂಡಲೇ ಜನ ಆಡುವ ಮೊದಲ ಮಾತು, ‘ಅಂಟಿಸಿದ್ದು ಬಿಡ್ರಿ.’ ಎಷ್ಟೋ ಸಲ ಅದು ಖರೇನೂ ಹೌದು. ಆದರೆ ಅಂಟಿಸದೆಯೂ ಆ ಫೋಟೊ ಬರುತ್ತದೆ. ಅದಕ್ಕೆ ಏಳನೆಯ ಇಯತ್ತೆಯ ಗಣಿತ ಸಾಕು, ಜೊತೆಗೆ ನಸುಕಿನಲ್ಲಿ ಏಳುವ ಚಟ ಬೇಕು. ದೇಶವಿದೇಶದ ಕಾಡು, ಬೆಟ್ಟ, ಜಾತ್ರೆಗಳ ಬೆರಗಿನ ಚಿತ್ರಗಳನ್ನು ನೋಡಿ ‘ಅಂಥ ಜಾಗ ನಮ್ಮಲ್ಲೆಲ್ಲಿ’ ಎನ್ನುವವರಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಲ್ಲೇ ಮಾಡಬಹುದಾದ ಕೆಲಸ ಇಲ್ಲಿದೆ.

ಮೊದಲು ಚಂದ್ರ. ಆಕಾಶದಲ್ಲಿ ಅವನ ಅಗಲ ಸುಮಾರು ಅರ್ಧ ಡಿಗ್ರಿ. ಯಾವ ವಸ್ತುವೇ ಆಗಲಿ, ತನ್ನ ಅಗಲದ 110 ಪಟ್ಟು ದೂರದಲ್ಲಿದ್ದರೆ ಕಣ್ಣಿಗೆ ಚಂದ್ರನಷ್ಟೇ ಕಾಣುತ್ತದೆ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅದನ್ನು 110ರಿಂದ ಗುಣಿಸಿದರೆ 4,840. ಹೆಚ್ಚುಕಡಿಮೆ 5 ಕಿಲೊಮೀಟರ್ ದೂರ ಹೋಗಿ ನಿಂತರೆ ಚಂದ್ರ, ಗುಮ್ಮಟ ಎರಡೂ ಸರಿಸಮ. ಗುಮ್ಮಟದ ಮುಂದಿನ ಹುಲ್ಲುಹಾಸಿನ ಮೇಲೆ ನಿಂತು ಎಂಥ ಲೆನ್ಸ್ ಹಾಕಿದರೂ ಚಂದ್ರ ಪುಟಾಣಿ ಬಿಲ್ಲೆಯೇ. ಜೂಮ್ ಮಾಡಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ. ಒಂದಕ್ಕೊಂದರ ಅಳತೆ ಬದಲಾಗಬೇಕಾದರೆ ಕಾಲೇ ಹಿಂದೆ ಸರಿಯಬೇಕು.

5 ಕಿಲೊಮೀಟರ್‌ಗೆ ಒಂದು ತೊಡಕಿದೆ. ಗುಮ್ಮಟದ ಎತ್ತರ ಸುಮಾರು 51 ಮೀಟರ್. ಅಷ್ಟು ದೂರದಿಂದ ಅದರ ತುದಿ ದಿಗಂತಕ್ಕಿಂತ ಅರ್ಧ ಡಿಗ್ರಿ ಚಿಲ್ಲರೆಯಷ್ಟೇ ಮೇಲೆ. ಚಂದ್ರ ಅಷ್ಟು ಕೆಳಗಿಳಿಯುವ ಹೊತ್ತಿಗೆ ದೂಳು, ಮಂಜು, ಕಬ್ಬಿನ ರವದಿ ಸುಟ್ಟ ಹೊಗೆ ಎಲ್ಲ ಸೇರಿ ಅವನನ್ನು ನುಂಗಿರುತ್ತವೆ. ಆದ್ದರಿಂದ ಎರಡೂವರೆ ಕಿಲೊಮೀಟರ್ ಒಳ್ಳೆಯ ರಾಜಿ. ಅಲ್ಲಿಂದ ಚಂದ್ರ ಗುಮ್ಮಟದ ಅರ್ಧದಷ್ಟು ಅಗಲ ಕಾಣುತ್ತಾನೆ, ತುದಿ ಒಂದು ಡಿಗ್ರಿಗಿಂತ ತುಸು ಮೇಲಿರುತ್ತದೆ. 400 ಮಿ.ಮೀ. ಲೆನ್ಸ್‌ನಲ್ಲಿ ಸೆನ್ಸರ್ ಮೇಲೆ ಚಂದ್ರ 3.6 ಮಿ.ಮೀ., ಗುಮ್ಮಟ 7 ಮಿ.ಮೀ. ಬೀಳುತ್ತವೆ. ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಚೌಕಟ್ಟಿನ ಎತ್ತರದ ಸುಮಾರು ಕಾಲುಭಾಗ ಚಂದ್ರನೇ ಆದ ಹಾಗಾಯಿತು.

ಎಲ್ಲಿ ನಿಲ್ಲಬೇಕು? ಗುಮ್ಮಟ ಊರಿನ ಪೂರ್ವದ ಅಂಚಿಗಿದೆ. ಮೂಡುವ ಚಂದ್ರ ಬೇಕೆಂದರೆ ಪಶ್ಚಿಮಕ್ಕೆ ಹೋಗಬೇಕು, ಆಗ ಇಡೀ ಊರು, ವಿದ್ಯುತ್ ತಂತಿ, ಮೊಬೈಲ್ ಟವರ್ ನಡುವೆ ಅಡ್ಡ. ಅದಕ್ಕಿಂತ ಮುಳುಗುವ ಚಂದ್ರನೇ ವಾಸಿ. ಪೂರ್ವದ ಹೊಲಗಳ ಕಡೆಯಿಂದ, ಹುಣ್ಣಿವೆ ಕಳೆದ ಬೆಳಗ್ಗೆ. ಪಂಚಾಂಗದಲ್ಲಿ ಚಂದ್ರಾಸ್ತ ಸೂರ್ಯೋದಯವಾಗಿ 10ರಿಂದ 40 ನಿಮಿಷದೊಳಗೆ ಇರುವ ದಿನ ಆರಿಸಿ. ಬೆನ್ನಹಿಂದೆ ಸೂರ್ಯ ಎದ್ದು ಗುಮ್ಮಟದ ಗೋಡೆಗೆ ಬಿಸಿಲು ಬಿದ್ದಿರುತ್ತದೆ, ಎದುರಿಗೆ ಚಂದ್ರ ಇಳಿಯುತ್ತಿರುತ್ತಾನೆ. ಗೋಡೆ, ಚಂದ್ರ ಎರಡರ ಬೆಳಕೂ ಹತ್ತಿರ ಹತ್ತಿರ ಬಂದಾಗ ಮಾತ್ರ ಒಂದೇ ಕ್ಲಿಕ್‌ನಲ್ಲಿ ಎರಡೂ ದಕ್ಕುತ್ತವೆ. ಕತ್ತಲಲ್ಲಿ ತೆಗೆದರೆ ಚಂದ್ರ ಸುಣ್ಣದ ಉಂಡೆ, ಇಲ್ಲವೇ ಗುಮ್ಮಟ ಕರಿ ಬೊಂಬೆ.

ಈ ಸಮತೋಲ ಎಷ್ಟು ಕ್ಷಣಿಕ ಎನ್ನುವುದಕ್ಕೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರ ನವೆಂಬರ್ 1ರಂದು ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಹಳ್ಳಿಯಲ್ಲಿ ತೆಗೆದ ಚಂದ್ರೋದಯದ ಚಿತ್ರ ನೆನಪಿಡಿ. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಆತನಿಗೆ ಬಾಯಿಪಾಠವಿತ್ತು. ಅದರ ಮೇಲೇ ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದ. ಎರಡನೆಯದಕ್ಕೆ ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ನಮಗೆ ಬಾಯಿಪಾಠಕ್ಕೆ ಇಷ್ಟು ಸಾಕು: ನೆತ್ತಿಯ ಹುಣ್ಣಿವೆ ಚಂದ್ರನಿಗೆ ಎಫ್/11, ಐಎಸ್‌ಒ 100ಕ್ಕೆ 1/100 ಸೆಕೆಂಡ್. ದಿಗಂತಕ್ಕೆ ಇಳಿದಾಗ ಅವನು ಎರಡು ಮೂರು ಸ್ಟಾಪ್ ಮಂಕಾಗುತ್ತಾನೆ (ಒಂದು ಸ್ಟಾಪ್ ಇಳಿಯಿತೆಂದರೆ ಬೆಳಕು ಅರ್ಧವಾಯಿತು). ಐಎಸ್‌ಒ 400, ಎಫ್/8, 1/125ರಿಂದ ಶುರುಮಾಡಿ ಪರದೆ ನೋಡಿ ತಿದ್ದಿಕೊಳ್ಳಿ.

ನಮ್ಮ ಅಕ್ಷಾಂಶದಲ್ಲಿ ಚಂದ್ರ ಹೆಚ್ಚುಕಡಿಮೆ ನೆಟ್ಟಗೇ ಇಳಿಯುತ್ತಾನೆ, ತುಸು ಬಲಕ್ಕೆ ವಾಲಿ. ಕೊನೆಯ ಎರಡು ಡಿಗ್ರಿಗೆ ಎಂಟೊಂಬತ್ತು ನಿಮಿಷ. ಅಷ್ಟರಲ್ಲಿ ತನ್ನದೇ ಅಗಲಕ್ಕಿಂತ ಸ್ವಲ್ಪ ಹೆಚ್ಚು ಬಲಕ್ಕೆ ಸರಿದಿರುತ್ತಾನೆ. ಹಾಗಾಗಿ ಮೊದಲಿಗೆ ಅವನನ್ನು ಗುಮ್ಮಟದ ಎಡಕ್ಕೆ ಇಟ್ಟುಕೊಂಡು ನಿಲ್ಲಬೇಕು. ಅಂದಾಜು ತಪ್ಪಿ ಇನ್ನೂ ಎಡಕ್ಕೇ ಉಳಿದ ಅನ್ನಿ, ನೀವು ಓಡಬೇಕಾದದ್ದು ಬಲಕ್ಕೆ. ಬಹಳ ಮಂದಿ ಗಡಿಬಿಡಿಯಲ್ಲಿ ಎಡಕ್ಕೆ ಓಡಿ ಕೆಲಸ ಕೆಡಿಸಿಕೊಳ್ಳುತ್ತಾರೆ. ಎರಡೂವರೆ ಕಿಲೊಮೀಟರ್ ದೂರದಲ್ಲಿ ಚಂದ್ರನ ಒಂದು ಅಗಲ ಅಂದರೆ ನೆಲದ ಮೇಲೆ 22-23 ಮೀಟರ್, ಮೂವತ್ತು ಹೆಜ್ಜೆ. ಅಷ್ಟು ಓಡಾಡಲು ಬಯಲಿರುವ ಬದುವನ್ನು ಹಿಂದಿನ ದಿನವೇ ನೋಡಿ, ಹೊಲದವರನ್ನು ಕೇಳಿಟ್ಟುಕೊಳ್ಳಿ. ಚಳಿಗಾಲದಲ್ಲಿ ಚಂದ್ರ ವಾಯವ್ಯಕ್ಕೆ ಮುಳುಗುವುದರಿಂದ ನೀವು ಗುಮ್ಮಟದ ಆಗ್ನೇಯಕ್ಕಿರಬೇಕು, ಬೇಸಿಗೆಯಲ್ಲಿ ಈಶಾನ್ಯಕ್ಕೆ. ಸಂಕ್ರಾಂತಿ ಹೊತ್ತಿಗೆ ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಟ್ರೈಪಾಡ್ ಅದರಲ್ಲಿ ಮುಳುಗಿಹೋಗುತ್ತದೆ. ಮಳೆ ತೊಳೆದ ಗಾಳಿ ಇನ್ನೂ ಸ್ವಚ್ಛವಿರುವ ಸೀಗಿ ಹುಣ್ಣಿವೆ, ಗೌರಿ ಹುಣ್ಣಿವೆಗಳೇ ಎಲ್ಲಕ್ಕಿಂತ ಚಲೊ.

ಬಾದಾಮಿ ಇಷ್ಟು ಸತಾಯಿಸುವುದಿಲ್ಲ. ಭೂತನಾಥ ಗುಡಿ ಅಗಸ್ತ್ಯತೀರ್ಥದ ಪೂರ್ವದಂಡೆಗಿದೆ, ಬೆಳಗ್ಗೆ ಹೋದರೆ ಸೂರ್ಯ ಗುಡಿಯ ಹಿಂದೆ. ಹೊತ್ತು ಮುಳುಗುವ ಮುಂಚಿನ ಅರ್ಧ ಗಂಟೆಗೆ ಹೋಗಿ. ನೀರಿನಲ್ಲಿ ಗುಡಿಯ ನೆರಳು ಬೇಕಿದ್ದರೆ ಪ್ರತಿಫಲನ ತಡೆಯುವ ಪೋಲರೈಸರ್ ಫಿಲ್ಟರ್ ಬಿಚ್ಚಿಡಿ, ಅದು ನೆರಳನ್ನೇ ಅಳಿಸುತ್ತದೆ. ಗುಹೆಗಳ ಮಾತು ಬೇರೆ. 578ರ ಶಾಸನವಿರುವ ಮೂರನೆಯ ಗುಹೆ ಉತ್ತರಕ್ಕೆ ಮುಖ ಮಾಡಿದೆ, ಒಳಗೆ ಬರುವುದು ನೆಲಕ್ಕೆ ಬಡಿದು ಮೇಲೆದ್ದ ಬೆಳಕು. ಕೆತ್ತನೆಯ ಉಬ್ಬುತಗ್ಗು ತೋರಿಸುವುದು ಅದೇ, ಫ್ಲ್ಯಾಶ್ ಹಾಕಿದರೆ ಎಲ್ಲ ಚಪ್ಪಟೆ. ಸ್ಮಾರಕದೊಳಗೆ ಟ್ರೈಪಾಡ್ ಬಿಚ್ಚುವ ಮುಂಚೆ ಪುರಾತತ್ವ ಇಲಾಖೆಯ ಅನುಮತಿ ಪಡೆದಿರಬೇಕು. ಕೋತಿಗಳಿಗೆ ಯಾರ ಅನುಮತಿಯೂ ಬೇಡ. ಬ್ಯಾಗಿನ ಜಿಪ್ ಹಾಕಿಡಿ.

ಇನ್ನು ಹಕ್ಕಿ. ಆಲಮಟ್ಟಿ ಹಿನ್ನೀರು ಇಳಿದು ಅಂಚಿನ ರಾಡಿ ತೆರೆದುಕೊಂಡಾಗ ಬಾಗಲಕೋಟೆಯ ಹೆರಕಲ್ ಕಡೆ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಇಳಿಯುತ್ತವೆ. ನಿಂತಾಗ ಬಿಳಿಗೆಂಪು, ರೆಕ್ಕೆ ಬಿಚ್ಚಿದಾಗಲೇ ಆ ಕೆಂಪು ಮತ್ತು ಕಪ್ಪು. ಆ ಬಣ್ಣಕ್ಕಾಗಿ ಹಿಂಡನ್ನು ಎಬ್ಬಿಸುವವರಿದ್ದಾರೆ. ಕೂಗಿ, ಓಡಿ, ಈಗೀಗ ಡ್ರೋನ್ ಹಾರಿಸಿ. ದೂರದಿಂದ ಬಂದು ಮೇಯುತ್ತಿರುವ ಹಕ್ಕಿಗೆ ಅದು ಎಷ್ಟು ದುಬಾರಿಯೋ ಇರಲಿ, ಫೋಟೊ ಆಗಿಯೂ ಅದು ಕೆಟ್ಟದ್ದು: ಸಿಗುವುದೆಲ್ಲ ಬೆನ್ನು ತಿರುಗಿಸಿ ಹೋಗುವ ಹಕ್ಕಿಗಳು. ಸುಮ್ಮನೆ ಕೂತವನಿಗೆ ರೆಕ್ಕೆ ತಾನಾಗಿ ಸಿಗುತ್ತದೆ. ಕೊಕ್ಕಿನಿಂದ ಗರಿ ತಿದ್ದಿಕೊಳ್ಳಲು ಶುರುಮಾಡಿದ ಹಕ್ಕಿಯ ಮೇಲೆ ಕಣ್ಣಿಡಿ. ಅದು ಮುಗಿಯುತ್ತಿದ್ದಂತೆ ಬಹಳ ಸಲ ಒಂದೇ ಪಕ್ಕದ ರೆಕ್ಕೆ, ಕಾಲು ಎರಡನ್ನೂ ಹಿಂದಕ್ಕೆ ಚಾಚಿ ಮೈಮುರಿಯುತ್ತದೆ. ಹಾರುವ ಚಿತ್ರ ಬೇಕಿದ್ದರೆ ಗಾಳಿ ಬರುವ ದಿಕ್ಕಿನ ಕಡೆ ಕೂರಿ, ಅವು ಗಾಳಿಗೆ ಎದುರಾಗಿ ನೀರಿನ ಮೇಲೆ ಓಡಿಯೇ ಮೇಲೇಳುತ್ತವೆ. 1/2000 ಸೆಕೆಂಡ್ ಇರಲಿ.

ದೂರ ಎಷ್ಟಿರಬೇಕು ಎಂದು ಮೀಟರ್‌ನಲ್ಲಿ ಹೇಳಲಾಗದು, ಹಕ್ಕಿಯೇ ಹೇಳುತ್ತದೆ. ತಲೆ ನೀರಿನಲ್ಲಿದ್ದರೆ ಮೇಯುತ್ತಿದೆ, ಎಲ್ಲ ಸರಿ. ನಾಲ್ಕಾರು ಕುತ್ತಿಗೆ ಒಟ್ಟಿಗೆ ಮೇಲೆದ್ದು ಹಿಂಡು ಒಂದೇ ಕಡೆ ನಡೆಯತೊಡಗಿದರೆ ನೀವು ಗೆರೆ ದಾಟಿದ್ದೀರಿ. ಅಲ್ಲೇ ಕೂತುಬಿಡಿ. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಇದ್ದರೆ ಕ್ಯಾಮೆರಾ ನೀರನ್ನು ನಂಬಿ ಹಕ್ಕಿಯನ್ನು ಸುಟ್ಟುಹಾಕುತ್ತದೆ, ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಮಾಡಿ. ಎರಿ ಮಣ್ಣಿನ ರಾಡಿ ಟ್ರೈಪಾಡ್ ಕಾಲನ್ನು ಗೇಣುದ್ದ ಎಳೆದುಕೊಳ್ಳುತ್ತದೆ. ಮೂರು ಹಲಗೆ ತುಂಡು ಕೆಳಗಿಟ್ಟರೆ ನಿಲ್ಲುತ್ತದೆ.

ಸುಳ್ಳು ಹಕ್ಕಿ, ಸುಳ್ಳು ಪ್ರಾಣಿಯ ಆಸೆ ದೊಡ್ಡ ಸ್ಪರ್ಧೆಗಳನ್ನೂ ಬಿಟ್ಟಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ, ಬೇಲಿ ಜಿಗಿಯುವ ತೋಳದ ಚಿತ್ರವನ್ನು ಮರುವರ್ಷ ಅನರ್ಹಗೊಳಿಸಿದರು. ಅದು ಪಳಗಿಸಿದ ತೋಳ ಎಂದು ತೀರ್ಪುಗಾರರಿಗೆ ಅನ್ನಿಸಿತ್ತು, ತೆಗೆದವರು ಒಪ್ಪಲಿಲ್ಲ. ಸ್ಪರ್ಧೆಗೆ ಕಳಿಸುವವರು ಕ್ಯಾಮೆರಾದ ತಿದ್ದದ ಮೂಲ ಪ್ರತಿಯಾದ ರಾ ಫೈಲ್ ಮಾತ್ರವಲ್ಲ, ಆ ಹೊತ್ತಿನ ಹಿಂದುಮುಂದಿನ ಹತ್ತಿಪ್ಪತ್ತು ಫ್ರೇಮ್‌ಗಳನ್ನೂ ಅಳಿಸದೆ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಜಾತ್ರೆಗೆ ಬರೋಣ. ಸವದತ್ತಿಯ ಯಲ್ಲಮ್ಮನಗುಡ್ಡದಲ್ಲಿ ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳಲ್ಲಿ ‘ಉಧೋ ಉಧೋ’ ಅನ್ನುತ್ತ ಭಂಡಾರ, ಅಂದರೆ ಅರಿಶಿನದ ಪುಡಿ, ತೂರುವಾಗ ಇಡೀ ಗಾಳಿಯೇ ಹಳದಿ. ಕ್ಯಾಮೆರಾಕ್ಕೆ ಇದು ಮೂರು ಥರದ ಪರೀಕ್ಷೆ. ಬಣ್ಣವನ್ನು ತಾನೇ ಸರಿದೂಗಿಸುವ ಆಟೊ ವೈಟ್ ಬ್ಯಾಲೆನ್ಸ್‌ನಲ್ಲಿದ್ದರೆ ಅದು ಹಳದಿಯನ್ನು ತಪ್ಪೆಂದು ತಿಳಿದು ತಿದ್ದಲು ಹೋಗುತ್ತದೆ. ಭಂಡಾರ ಸಪ್ಪೆಯಾಗಿ, ಮುಖಗಳಿಗೆ ನೀಲಿ ಛಾಯೆ ಬರುತ್ತದೆ. ಬಿಸಿಲಿನ ಗುರುತಿಗೆ, ಇಲ್ಲವೇ 5,200ರಿಂದ 5,500 ಕೆಲ್ವಿನ್‌ಗೆ ಕಟ್ಟಿಹಾಕಿ. ಎರಡನೆಯದು, ದಟ್ಟ ಹಳದಿ, ಕುಂಕುಮ, ಇಳಕಲ್ ಸೀರೆಯ ಕೆಂಪು ಸೆರಗು ಕೆಂಪು ಚಾನೆಲ್ಲನ್ನು ತುಂಬಿ ಚೆಲ್ಲಿಸುತ್ತವೆ. ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೊಗ್ರಾಮ್ ಚೆನ್ನಾಗೇ ಕಾಣುತ್ತದೆ, ಮನೆಗೆ ಬಂದು ನೋಡಿದರೆ ಸೆರಗಿನ ನೇಯ್ಗೆ ಅಳಿಸಿ ಬರೀ ಕೆಂಪು ಬಳಿದ ಹಾಗೆ. ಮೂರು ಬಣ್ಣದ ಹಿಸ್ಟೊಗ್ರಾಮ್ ತೆರೆದಿಟ್ಟು ಅರ್ಧ ಸ್ಟಾಪ್ ಇಳಿಸಿ. ಮೂರನೆಯದು, ಫೋಕಸ್ ಮುಂದಿನ ಪುಡಿಗೆ ಅಂಟಿಕೊಳ್ಳುತ್ತದೆ. ತೂರುವ ಮುಂಚೆಯೇ ಮುಖಕ್ಕೆ ಫೋಕಸ್ ಮಾಡಿ ಬೀಗ ಹಾಕಬೇಕು. ಕಣಕಣ ಕಾಣಬೇಕಿದ್ದರೆ ಬೆಳಕಿಗೆ ಎದುರಾಗಿ ನಿಂತು 1/1000.

ಭಂಡಾರ ಲೆನ್ಸ್ ಒಳಗೆ ಹೋಗುವುದು ಹೊರಗಿನಿಂದ ಬಿದ್ದು ಅಲ್ಲ, ಹೀರಿಕೊಂಡು. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಪಿಚಕಾರಿಯ ಹಾಗೆ ಗಾಳಿ ಎಳೆಯುತ್ತದೆ, ಜೊತೆಗೆ ಪುಡಿಯನ್ನೂ. ಉದ್ದ ಬದಲಾಗದ 35 ಅಥವಾ 50 ಮಿ.ಮೀ. ಲೆನ್ಸ್ ಒಂದನ್ನೇ ಮನೆಯಲ್ಲೇ ಹಾಕಿ, ಮುಂದೆ ಒಂದು ಸಾದಾ ಫಿಲ್ಟರ್ ಬಿಗಿದು, ಜೋಡಣೆಯ ಮೇಲೆ ಟೇಪ್ ಸುತ್ತಿ ಹೋಗಿ. ಗುಡ್ಡದ ಮೇಲೆ ಲೆನ್ಸ್ ಬದಲಿಸಬೇಡಿ. ವಾಪಸ್ ಬಂದ ಮೇಲೆ ಮೊದಲು ಊದುವ ರಬ್ಬರ್ ಬುರುಡೆ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಬಟ್ಟೆ. ಬಟ್ಟೆಯಿಂದಲೇ ಶುರುಮಾಡಿದರೆ ಪುಡಿಯೊಂದಿಗೆ ಸೇರಿದ ಮಣ್ಣು ಗಾಜನ್ನು ಗೀರುತ್ತದೆ. ಕೊರಳಪಟ್ಟಿಗೆ ಹತ್ತಿದ ಹಳದಿಗೆ ಸೋಪು ಹಚ್ಚಿದರೆ ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ, ಅರಿಶಿನ ಕ್ಷಾರಕ್ಕೆ ಬಣ್ಣ ಬದಲಿಸುವ ಗುಣವೇ ಅದು. ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದರೆ ದಿನ ಕಳೆದಂತೆ ಮಾಸುತ್ತದೆ.

ಮನುಷ್ಯರ ಫೋಟೊಗೆ ಲೆನ್ಸಿಗಿಂತ ಮೊದಲು ಬಾಯಿ ಬೇಕು. ‘ಯವ್ವಾ, ಒಂದ್ ಫೋಟೊ ತಗೀಲೇನ್ರಿ?’ ಅಂದರೆ ಸಾಕು. ಬ್ಯಾಡ ಅಂದರೆ ಬ್ಯಾಡ. ತೆಗೆದ ಮೇಲೆ ಹೆಸರು, ಊರು ಬರೆದುಕೊಳ್ಳಿ. 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದ ಹಸಿರುಗಣ್ಣಿನ ಆಫ್ಘನ್ ಹುಡುಗಿಯನ್ನು ಜಗತ್ತೆಲ್ಲ ನೋಡಿತು. ಶರ್ಬತ್ ಗುಲಾ ಎಂಬ ಆಕೆಯ ಹೆಸರು ತಿಳಿದದ್ದು 2002ರಲ್ಲಿ. ಗುಡ್ಡದ ಮೇಲೆ ತೆಗೆದ ಚಿತ್ರಗಳ ಕೆಳಗೆ ಬರೆಯುವ ಒಕ್ಕಣೆಯಲ್ಲೂ ಎಚ್ಚರ ಬೇಕು. ತಲೆಯ ಮೇಲೆ ಜಗ (ದೇವಿಯ ಮೂರ್ತಿಯಿರುವ ಬುಟ್ಟಿ) ಹೊತ್ತ, ಚೌಡಿಕೆ ಎಂಬ ತಂತಿವಾದ್ಯ ಹಿಡಿದ ಹೆಂಗಸನ್ನು ಕಂಡ ಕೂಡಲೇ ‘ದೇವದಾಸಿ’ ಎಂದು ಬರೆದುಬಿಡುವ ಹೊರಗಿನವರಿದ್ದಾರೆ. ದೇವದಾಸಿಯರನ್ನಾಗಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತ್ತು. ಗೊತ್ತಿಲ್ಲದೆ ಬರೆದ ಆ ಒಂದು ಶಬ್ದ ಒಬ್ಬಾಕೆಯ ಮೇಲೆ ಹೊರಿಸುವ ಭಾರ ಸಣ್ಣದಲ್ಲ. ಹೆಸರು, ಊರು, ಹುಣ್ಣಿವೆ, ಇಷ್ಟೇ ಬರೆಯಿರಿ. ಊರಿನ ಜೊತೆ ಪಿನ್ ಕೋಡ್ ಕೂಡ ಕೇಳಿಟ್ಟುಕೊಂಡಿದ್ದರೆ ನಾಲ್ಕಿಂಚು-ಆರಿಂಚಿನ ಒಂದು ಪ್ರತಿಯನ್ನು ಅಂಚೆಗೆ ಹಾಕಬಹುದು. ಬರುವ ವರ್ಷದ ಹುಣ್ಣಿವೆಗೂ ಎಷ್ಟೋ ಬಂಡಿಯವರು ಅದೇ ಜಾಗದಲ್ಲಿ ಬೀಡು ಬಿಟ್ಟಿರುತ್ತಾರೆ.