ಹಿಂಬರಹದಲ್ಲಿ ಕಾರಣವೇ ಇಲ್ಲದಿದ್ದರೆ ಮೇಲ್ಮನವಿ ಯಾವುದರ ವಿರುದ್ಧ?

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳ ಬಂಗಾಳಿ ಹಿರಿಯರ ಜೊತೆ ಪೌರತ್ವದ ಮಾತೆತ್ತಿದರೆ ಕೊನೆಗೆ ಬಂದು ನಿಲ್ಲುವುದು ಬಾರ್ಡರ್ ಸ್ಲಿಪ್‌ಗೆ. ಗಡಿ ದಾಟಿದಾಗ ಕೊಟ್ಟ ಚೀಟಿ ಅದು. ಮಡಿಕೆ ಮಡಿಕೆಯಲ್ಲೂ ಸವೆದು, ಶಾಯಿ ಮಾಸಿ, ಪ್ಲಾಸ್ಟಿಕ್ ಹಾಳೆಯೊಳಗೆ ಹೇಗೋ ಉಳಿದುಕೊಂಡಿರುತ್ತದೆ. ಅದನ್ನು ಕಳೆದುಕೊಂಡವರ ಪಾಡು ಬೇರೆಯೇ.

1964ರ ಜನವರಿಯಲ್ಲಿ ಪೂರ್ವ ಪಾಕಿಸ್ತಾನದ ಖುಲ್ನಾ, ಢಾಕಾ ಕಡೆ ಗಲಭೆಗಳಾದವು. ಜೀವ ಉಳಿಸಿಕೊಳ್ಳಲು ಹಿಂದೂ ಕುಟುಂಬಗಳು ಗುಂಪುಗುಂಪಾಗಿ ಭಾರತಕ್ಕೆ ಬಂದವು. ಅವರಲ್ಲಿ ಬಂಗಾಳದ ದಲಿತ ಸಮುದಾಯವಾದ ನಾಮಶೂದ್ರರ ರೈತರು ಬಹಳ. ಪಶ್ಚಿಮ ಬಂಗಾಳದ ಮೇಲಿನ ಹೊರೆ ಇಳಿಸಲು ಕೇಂದ್ರ ಸರ್ಕಾರ ಅನೇಕರನ್ನು ದೂರದ ರಾಜ್ಯಗಳಿಗೆ ಕಳುಹಿಸಿತು. ಒಂದಷ್ಟು ಕುಟುಂಬಗಳು ಹೀಗೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಗೆ ಬಂದು ಭತ್ತ ಬೆಳೆದವು. ನೆಲೆ ಸಿಕ್ಕಿತು, ಪೌರತ್ವದ ಪ್ರಶ್ನೆ ಮಾತ್ರ ಇತ್ಯರ್ಥವಾಗಲಿಲ್ಲ.

ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆಶ್ರಯ ಕೋರುವವರಿಗಾಗಿ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಸಹಿ ಹಾಕಿರುವ ಬ್ರಿಟನ್ನಿನಲ್ಲಿ ಧಾರ್ಮಿಕ ಕಿರುಕುಳದ ಕಾರಣಕ್ಕೆ ಆಶ್ರಯ ಕೇಳಿದವರ ಅರ್ಜಿ ತಿರಸ್ಕೃತವಾದರೆ, ಏಕೆ ಎಂದು ಪತ್ರದಲ್ಲಿ ವಿವರಿಸಬೇಕು. ಸಾಮಾನ್ಯವಾಗಿ 14 ದಿನಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿನ ಜಟಾಪಟಿ ಹೆಚ್ಚಾಗಿ ಒಂದೇ ಮಾತಿನ ಸುತ್ತ: ಅರ್ಜಿದಾರನನ್ನು ನಂಬಬಹುದೇ? ನಂಬಲಾಗದು ಎಂದು ಅಧಿಕಾರಿ ಬರೆದರೆ, ಆ ಬರಹದ ಸಾಲು ಸಾಲಿಗೂ ಉತ್ತರ ಕೊಡಲು ಅವಕಾಶವಿದೆ.

ನಮ್ಮ 1955ರ ಪೌರತ್ವ ಕಾಯ್ದೆಯ 14ನೇ ಸೆಕ್ಷನ್ ಓದಿದರೆ ಎದೆ ಭಾರವಾಗುತ್ತದೆ. ನೋಂದಣಿ ಅಥವಾ ದೇಶೀಕರಣದ (ದೀರ್ಘಕಾಲ ನೆಲೆಸಿ ಪೌರತ್ವ ಪಡೆಯುವ) ಅರ್ಜಿಯನ್ನು ಒಪ್ಪುವುದೂ ಬಿಡುವುದೂ ಸರ್ಕಾರದ ವಿವೇಚನೆ, ಕಾರಣ ಕೊಡಬೇಕಾಗಿಲ್ಲ ಎನ್ನುತ್ತದೆ ಅದು. ಕಾರಣವಿಲ್ಲದ ಹಿಂಬರಹದ, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರದ, ವಿರುದ್ಧ ಏನೆಂದು ವಾದಿಸುವುದು?

2003ರ ತಿದ್ದುಪಡಿ ಗಂಟನ್ನು ಇನ್ನಷ್ಟು ಬಿಗಿ ಮಾಡಿತು. ಒಂದು ಮನೆಯನ್ನೇ ಊಹಿಸಿಕೊಳ್ಳಿ. ಅಪ್ಪ ಗಡಿ ದಾಟಿ ಬಂದವನು, ಕಾಗದವಿಲ್ಲ. ಕ್ಯಾಂಪಿನಲ್ಲಿ 1987ರ ಜುಲೈ 1ಕ್ಕೆ ಮೊದಲು ಹುಟ್ಟಿದ ಹಿರಿಯ ಮಗ ಹುಟ್ಟಿನಿಂದಲೇ ಭಾರತೀಯ. ಆಮೇಲೆ ಹುಟ್ಟಿದ ಕಿರಿಯವನಿಗೆ ತಂದೆ ತಾಯಿಯರಲ್ಲಿ ಒಬ್ಬರ ಪೌರತ್ವ ಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದ ಮೊಮ್ಮಗನ ತಂದೆ ತಾಯಿಯರಲ್ಲಿ ಯಾರಾದರೂ ‘ಅಕ್ರಮ ವಲಸಿಗ’ರೆನಿಸಿದರೆ ಆ ಮಗುವಿಗೂ ಪೌರತ್ವವಿಲ್ಲ. ಒಂದೇ ಸೂರಿನಡಿ ಎಷ್ಟು ಬಗೆಯ ಕಾನೂನು!

ಅರ್ಜಿ ತಿರಸ್ಕಾರವಾಗುವುದಕ್ಕಿಂತ ಕೆಟ್ಟದ್ದು ಅದು ಮೇಜಿನಿಂದ ಕದಲದಿರುವುದು. ಅರುಣಾಚಲದ ಬೌದ್ಧ ಚಕ್ಮಾ ನಿರಾಶ್ರಿತರಿಗೆ ಆದದ್ದು ಅದೇ. ಅವರ ಅರ್ಜಿಗಳನ್ನು ಕೇಂದ್ರಕ್ಕೆ ಕಳುಹಿಸಲೇಬೇಕು, ಅವರ ಜೀವ ಕಾಯಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಸಿಂಧನೂರಿನ ಮಟ್ಟಿಗೂ ಆ ತೀರ್ಪು ದೊಡ್ಡ ಆಸರೆ ಎಂದು ನಾನು ನಂಬುತ್ತೇನೆ.

‘ಧಾರ್ಮಿಕ ಕಿರುಕುಳ’ ಎಂಬ ಮಾತು 2015ರ ಸೆಪ್ಟೆಂಬರ್ 7ರ ಕೇಂದ್ರದ ಅಧಿಸೂಚನೆಯಲ್ಲಿ ಬಂತು. ಪೌರತ್ವ ಕಾಯ್ದೆಯ 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಮುಸ್ಲಿಮೇತರ ಆರು ಧರ್ಮದವರಿಗೆ ದಾರಿ ತೆರೆಯಿತು. ನಿಯಮಗಳು ಬಂದದ್ದು 2024ರ ಮಾರ್ಚ್ 11ಕ್ಕೆ. ಅದೇ ವರ್ಷ ಸಿಂಧನೂರಿನ ಕ್ಯಾಂಪ್‌ಗಳ ಐವರಿಗೆ ಪೌರತ್ವ ಪತ್ರ ಸಿಕ್ಕಿತು. ಪಾಕಿಸ್ತಾನದ ಅಹ್ಮದೀಯ ಮುಸ್ಲಿಮರು, ಮ್ಯಾನ್ಮಾರಿನ ರೋಹಿಂಗ್ಯಾಗಳು ಹೊರಗೇ ಉಳಿದರು. ಕಿರುಕುಳವೇ ಅಳತೆಗೋಲಾದರೆ ಅವರನ್ನು ಬಿಡುವುದು ನ್ಯಾಯವಲ್ಲ.

ಹೊಸ ವ್ಯವಸ್ಥೆಯಲ್ಲಿ ಯಾರೂ ತಮ್ಮ ನೋವಿನ ಕಥೆ ಹೇಳಬೇಕಾಗಿಲ್ಲ, ದಾಖಲೆ ತೋರಿಸಬೇಕು. ಅಂಚೆ ಇಲಾಖೆಯ ಅಧೀಕ್ಷಕರ ನೇತೃತ್ವದ ಜಿಲ್ಲಾ ಸಮಿತಿ ಪರಿಶೀಲಿಸುತ್ತದೆ, ಜನಗಣತಿ ನಿರ್ದೇಶಕರ ನೇತೃತ್ವದ ಸಮಿತಿ ತೀರ್ಮಾನಿಸುತ್ತದೆ. ಆದರೆ ಓಡಿಬಂದವನ ಕೈಯಲ್ಲಿ ಆ ದೇಶದ ಪಹಣಿಯೋ ಶಾಲಾ ಪತ್ರವೋ ಎಲ್ಲಿಂದ ಬರಬೇಕು?

ಅರ್ಜಿ ವಜಾ ಆದರೆ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ 30 ದಿನಗಳೊಳಗೆ ಕೇಂದ್ರಕ್ಕೆ ಪುನರ್‌ಪರಿಶೀಲನೆ ಕೋರಬಹುದು. ಆದೇಶ ಕೇಂದ್ರದ್ದೇ ಆಗಿದ್ದರೆ ಅದನ್ನು ಮತ್ತೆ ಪರಿಶೀಲಿಸುವಂತೆ ಕೋರಲು 15ಎ ಸೆಕ್ಷನ್ ಇದೆ. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿಯ ದಾರಿಯನ್ನು ಯಾವ ಕಾಯ್ದೆಯೂ ಮುಚ್ಚಲಾಗದು. ರಾಯಚೂರಿನವರು ಅದಕ್ಕೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬೇಕು. 15ನೇ ಸೆಕ್ಷನ್ನಿನ 30 ದಿನಗಳ ಲೆಕ್ಕ ಆದೇಶದ ತಾರೀಖಿನಿಂದ ಶುರುವಾಗುತ್ತದೆ, ಅದು ಕ್ಯಾಂಪ್ ತಲುಪಿದ ದಿನದಿಂದಲ್ಲ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಕಾನೂನು ಒಪ್ಪುತ್ತದೆ. ಆದ್ದರಿಂದ ಆದೇಶ ಬಂದ, ಅಂಚೆಯ ಮುದ್ರೆಯಿರುವ ಲಕೋಟೆಯನ್ನು ಎಸೆಯಬೇಡಿ, ಬಾರ್ಡರ್ ಸ್ಲಿಪ್ ಜೊತೆಗೇ ಇಡಿ.